ಒಂದೇ ತಟ್ಟೆ, ಎಷ್ಟು ಜಿಬಿ? ಮನೆಯಲ್ಲೇ ಲೆಕ್ಕ ಹಾಕುವುದು ಹೀಗೆ

2005ರಿಂದ 2008ರವರೆಗೆ ತಂತ್ರಜ್ಞಾನದ ಸುದ್ದಿಗಳನ್ನು ಓದುತ್ತಿದ್ದವರಿಗೆ ಆ ಅಂಕಿಗಳ ಪೈಪೋಟಿ ನೆನಪಿರಬಹುದು. ಹೆಚ್ಚು ಸ್ಪಷ್ಟ ಚಿತ್ರದ (ಎಚ್‌ಡಿ) ಸಿನಿಮಾ ತುಂಬಲು ಡಿವಿಡಿಯ ಜಾಗಕ್ಕೆ ಬಂದ ಎರಡು ಎದುರಾಳಿ ತಟ್ಟೆಗಳು: ತೋಷಿಬಾ ಬಣದ ಎಚ್‌ಡಿ ಡಿವಿಡಿ 15 ಜಿಬಿ, ಸೋನಿ ಬಣದ ಬ್ಲೂ-ರೇ 25 ಜಿಬಿ. ಎರಡು ಪದರ ಮಾಡಿದರೆ 30 ಮತ್ತು 50. ಅಷ್ಟರಲ್ಲಿ ತೋಷಿಬಾ 45 ಎಂದಿತು. ಬ್ಲೂ-ರೇ ಕಡೆಯ ಟಿಡಿಕೆ 100 ಎಂದಿತು, ಮರುವರ್ಷ 200 ಎಂದಿತು. ತೋಷಿಬಾ ಮತ್ತೆ ಬಂದು 51 ಎಂದಿತು. ಕೊನೆಗೆ ಪಯೋನಿಯರ್ 400ಕ್ಕೆ ಹೋಗಿ ನಿಂತಿತು. ಸಂತೆಯಲ್ಲಿ ಹರಾಜು ಕೂಗಿದ ಹಾಗೆ ಸಂಖ್ಯೆ ಏರುತ್ತಲೇ ಇತ್ತು, ತಟ್ಟೆಯ ಅಗಲ ಮಾತ್ರ ಅದೇ 12 ಸೆಂಟಿಮೀಟರ್.

ಆಗ ನಾನು ಇವನ್ನೆಲ್ಲ ಜಾಹೀರಾತಿನ ಮಾತು ಎಂದುಕೊಂಡಿದ್ದೆ. ಮುಂದೆ ಒಮ್ಮೆ ಕಾಗದ, ಪೆನ್ಸಿಲ್ ಹಿಡಿದು ಕುಳಿತಾಗ ಒಂದೊಂದು ಸಂಖ್ಯೆಯೂ ಹತ್ತನೇ ತರಗತಿಯ ಗಣಿತದಲ್ಲಿಯೇ ಬಂದುಬಿಟ್ಟಿತು. ಅಂದಿನಿಂದ ಈ ತಟ್ಟೆಗಳ ಮೇಲೆ ನನಗಿರುವ ಗೌರವವೇ ಬೇರೆ. ನೀವೂ ಮಾಡಿ ನೋಡಿ. ಒಂದು ಹಳೆಯ ಸಿಡಿ, ಒಂದು ಡಿವಿಡಿ, ಸಿಕ್ಕರೆ ಒಂದು ಬ್ಲೂ-ರೇ, ಕೆಂಪು ಲೇಸರ್ ಪಾಯಿಂಟರ್, ಶೂ ಡಬ್ಬದ ಮುಚ್ಚಳ, ಒಂದು ಅಳತೆಪಟ್ಟಿ. ಇಷ್ಟಿದ್ದರೆ ಸಾಕು.

ಮೊದಲ ಹೆಜ್ಜೆ: ಸಾಲಿನ ಅಂತರ ಅಳೆಯಿರಿ

ಹೊಳೆಯುವ ತಟ್ಟೆಯನ್ನು ಒಂದು ಹೊಲ ಎಂದುಕೊಳ್ಳಿ. ಒಳಗಿನಿಂದ ಹೊರಕ್ಕೆ ಸುತ್ತಿಕೊಂಡು ಹೋಗುವ ಒಂದೇ ಉದ್ದನೆಯ ಸಾಲು, ಅದರ ತುಂಬ ಕಾಳು ಬಿತ್ತಿದಂತೆ ಗುರುತುಗಳು. ಕೂರಿಗೆಯ ತಾಳುಗಳು ಹತ್ತಿರವಾದಷ್ಟೂ ಅದೇ ಹೊಲದಲ್ಲಿ ಹೆಚ್ಚು ಸಾಲು ಹಿಡಿಯುತ್ತದೆ. ಆ ಅಂತರವನ್ನು ನೋಡುವುದಕ್ಕೆ ಸೂಕ್ಷ್ಮದರ್ಶಕ ಬೇಡ, ಬೆಳಕೇ ಅಳೆದು ಹೇಳುತ್ತದೆ.

ಮುಚ್ಚಳದ ಒಂದು ತುದಿಯ ಹತ್ತಿರ ಪೆನ್ಸಿಲ್ ಮೊನೆಯಷ್ಟು ರಂಧ್ರ ಮಾಡಿ, ಮುಚ್ಚಳವನ್ನು ಅದರ ಉದ್ದದ ಅಂಚಿನ ಮೇಲೆ ನೆಟ್ಟಗೆ ನಿಲ್ಲಿಸಿ. ಮುಚ್ಚಳದಿಂದ ಸರಿಯಾಗಿ 10 ಸೆಂ.ಮೀ. ದೂರದಲ್ಲಿ, ಹೊಳೆಯುವ ಮೈ ಮುಚ್ಚಳದತ್ತ ಇರುವಂತೆ ಸಿಡಿಯನ್ನು ನಿಲ್ಲಿಸಿ. ಮುಚ್ಚಳದ ಹಿಂದಿನಿಂದ ರಂಧ್ರದ ಮೂಲಕ ಲೇಸರ್ ಹಾಯಿಸಿ. ಬೆಳಕು ಸಿಡಿಯ ನಡುತೂತಿನ ಎಡಕ್ಕೋ ಬಲಕ್ಕೋ, ಅದೇ ಎತ್ತರದಲ್ಲಿ ಬೀಳಬೇಕು. ಪ್ರತಿಫಲನ ಮರಳಿ ರಂಧ್ರಕ್ಕೇ ಬರುವಂತೆ ಸಿಡಿಯನ್ನು ಸರಿಪಡಿಸಿ. ಕೋಣೆಯಲ್ಲಿ ಮಕ್ಕಳಿದ್ದರೆ ಅವರನ್ನು ಮುಚ್ಚಳದ ಹಿಂದೆ, ನಿಮ್ಮ ಪಕ್ಕದಲ್ಲೇ ನಿಲ್ಲಿಸಿಕೊಳ್ಳಿ. ಲೇಸರ್ ಆಗಲಿ ಅದರ ಪ್ರತಿಫಲನವಾಗಲಿ ಯಾರ ಕಣ್ಣಿಗೂ ತಾಗಬಾರದು.

ಈಗ ಮುಚ್ಚಳದ ಒಳಮೈ ನೋಡಿ. ರಂಧ್ರದಿಂದ ಸುಮಾರು 4.4 ಸೆಂ.ಮೀ. ಆಚೆ ಒಂದು ಕೆಂಪು ಚುಕ್ಕೆ ಬಿದ್ದಿರುತ್ತದೆ. 14 ಸೆಂ.ಮೀ. ಆಸುಪಾಸಿನಲ್ಲಿ ಇನ್ನೊಂದು ಕಾಣಬಹುದು, ಹತ್ತಿರದ್ದನ್ನೇ ಅಳೆಯಿರಿ. ಸಿಡಿ ತೆಗೆದು ಡಿವಿಡಿ ಇಟ್ಟರೆ ಚುಕ್ಕೆ ಒಮ್ಮೆಲೇ 18 ಸೆಂ.ಮೀ.ಗೆ ಹಾರುತ್ತದೆ. ನಾನು ಮೊದಲ ಸಲ ರಂಧ್ರವನ್ನು ಮುಚ್ಚಳದ ಮಧ್ಯಕ್ಕೇ ಮಾಡಿದ್ದೆ. ಡಿವಿಡಿಯ ಚುಕ್ಕೆ ಎಲ್ಲಿಯೂ ಕಾಣಲಿಲ್ಲ. ಪಕ್ಕದ ಮನೆಯ ಒಂಬತ್ತನೇ ತರಗತಿಯ ಹುಡುಗಿ ಅದನ್ನು ಗೋಡೆಯ ಕ್ಯಾಲೆಂಡರ್ ಮೇಲೆ, ಏಕಾದಶಿಯ ಮನೆಯ ಅಂಚಿನಲ್ಲಿ ಹುಡುಕಿ ತೋರಿಸಿದಳು. ರಂಧ್ರ ತುದಿಗಿರಲಿ ಎಂದು ಹೇಳುತ್ತಿರುವುದು ಅದಕ್ಕಾಗಿಯೇ.

ಲೆಕ್ಕ ಸರಳ. ರಂಧ್ರದಿಂದ ಚುಕ್ಕೆಗಿರುವ ದೂರ 4.4, ತಟ್ಟೆಯಿಂದ ಮುಚ್ಚಳಕ್ಕೆ 10. ಪೈಥಾಗೊರಸ್ ಪ್ರಕಾರ ಓರೆ ದೂರ ಸುಮಾರು 10.9. ಮೊದಲನೆಯದನ್ನು ಇದರಿಂದ ಭಾಗಿಸಿದರೆ 0.40. ಕೆಂಪು ಪಾಯಿಂಟರ್‌ನ ತರಂಗದೂರ ಸಾಮಾನ್ಯವಾಗಿ 650 ನ್ಯಾನೋಮೀಟರ್, ಅಂದರೆ 0.65 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ). ಅದನ್ನು 0.40ರಿಂದ ಭಾಗಿಸಿ: 1.6 ಮೈಕ್ರಾನ್. ಸಿಡಿಯ ನಿಯಮಪುಸ್ತಕದಲ್ಲಿ ಬರೆದಿರುವ ಸಾಲಿನ ಅಂತರ ಅದೇ. ಡಿವಿಡಿಗೂ ಹೀಗೆಯೇ ಮಾಡಿದರೆ 0.74 ಬರುತ್ತದೆ.

ಬ್ಲೂ-ರೇ ಇಟ್ಟು ನೋಡಿ. ಪಕ್ಕದ ಚುಕ್ಕೆಯೇ ಇಲ್ಲ! ಅದರ ಸಾಲಿನ ಅಂತರ 0.32 ಮೈಕ್ರಾನ್, ಕೆಂಪು ಬೆಳಕಿನ ತರಂಗದೂರದ ಅರ್ಧಕ್ಕಿಂತಲೂ ತುಸು ಕಡಿಮೆ. ಅಷ್ಟು ಕಿರಿದಾದ ಸಾಲುಗಳು ಕೆಂಪು ಬೆಳಕಿಗೆ ಕಾಣಿಸುವುದೇ ಇಲ್ಲ. ಸಿಡಿಯ ಮೈಮೇಲೆ ಕಾಮನಬಿಲ್ಲು ಕುಣಿಯುವುದು, ಬ್ಲೂ-ರೇ ಮಾತ್ರ ಮಂಕಾಗಿರುವುದು ಇದೇ ಕಾರಣಕ್ಕೆ. ಬೆಳಕಿಗೆ ಬೆನ್ನು ಮಾಡಿ ನಿಂತು ತಟ್ಟೆಯನ್ನು ಚೆನ್ನಾಗಿ ಓರೆ ಮಾಡಿದರೆ ನೀಲಿ, ನೇರಳೆ ಬಣ್ಣಗಳ ಒಂದು ಎಳೆ ಹೊಳೆಯುತ್ತದೆ. ಎಚ್‌ಡಿ ಡಿವಿಡಿಯ ಅಂತರ 0.40. ಆ ತಟ್ಟೆ ಈಗ ಸಿಗುವುದೇ ಅಪರೂಪ.

ಒಂದು ತಲೆಗೂದಲಿನ ಅಗಲವನ್ನು 70 ಮೈಕ್ರಾನ್ ಎಂದಿಟ್ಟುಕೊಂಡರೆ ಅದರಡಿ ಬ್ಲೂ-ರೇಯ ಇನ್ನೂರಕ್ಕೂ ಹೆಚ್ಚು ಸಾಲುಗಳು ಅಡಗುತ್ತವೆ. ಸಾಲನ್ನು ಬಿಚ್ಚಿ ನೇರ ಮಾಡಿದರೆ ಎಷ್ಟು ಉದ್ದ? ಬರೆಯುವ ಜಾಗ ಸುಮಾರು 24ರಿಂದ 58 ಮಿ.ಮೀ. ತ್ರಿಜ್ಯದವರೆಗೆ. ಆ ಪಟ್ಟಿಯ ವಿಸ್ತೀರ್ಣವನ್ನು ಸಾಲಿನ ಅಂತರದಿಂದ ಭಾಗಿಸಿ. ಡಿವಿಡಿಗೆ 12 ಕಿ.ಮೀ., ಎಚ್‌ಡಿ ಡಿವಿಡಿಗೆ 22, ಬ್ಲೂ-ರೇಗೆ 27. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋದರೂ ಮುಗಿಯದಷ್ಟು ಉದ್ದದ ಸಾಲು ಅಂಗೈಯಗಲದಲ್ಲಿ ಸುತ್ತಿಕೊಂಡಿದೆ.

ಎರಡನೆಯ ಹೆಜ್ಜೆ: ಬೆಳಕಿನ ಮೊನೆ ಎಷ್ಟು ಚೂಪು?

ಸಾಲನ್ನು ಇನ್ನೂ ಒತ್ತಾಗಿ ಹಾಕಬಾರದೇಕೆ? ಓದುವ ಬೆಳಕಿನ ಮೊನೆ ಮೊಂಡಾಗಿದ್ದರೆ ಅದು ಒಂದೇ ಸಲಕ್ಕೆ ಅಕ್ಕಪಕ್ಕದ ಸಾಲನ್ನೂ ಮುಟ್ಟಿಬಿಡುತ್ತದೆ. ಮೊನೆ ಚೂಪಾಗಲು ಎರಡೇ ದಾರಿ. ಬೆಳಕಿನ ತರಂಗದೂರ ಕಡಿಮೆ ಮಾಡಬೇಕು, ಇಲ್ಲವೇ ಮಸೂರ ಬೆಳಕನ್ನು ಇನ್ನೂ ಅಗಲ ಕೋನದಿಂದ ಒಟ್ಟುಗೂಡಿಸಬೇಕು. ಮಸೂರದ ಈ ಶಕ್ತಿಗೆ ನ್ಯುಮೆರಿಕಲ್ ಅಪರ್ಚರ್ ಎಂದು ಹೆಸರು, ಚಿಕ್ಕದಾಗಿ ಎನ್‌ಎ.

ಮೊದಲ ದಾರಿ ತೆರೆದದ್ದು ಜಪಾನಿನ ಶಿಕೋಕು ದ್ವೀಪದ ನಿಚಿಯಾ ಕಂಪನಿಯಲ್ಲಿ. ಅಲ್ಲಿ ಶೂಜಿ ನಕಮುರಾ 1993ರಲ್ಲಿ ಪ್ರಖರ ನೀಲಿ ಎಲ್‌ಇಡಿಯನ್ನೂ, ಎರಡು ಮೂರು ವರ್ಷಗಳಲ್ಲಿ ಅದೇ ಗ್ಯಾಲಿಯಂ ನೈಟ್ರೈಡ್ ಎಂಬ ಅರೆವಾಹಕದಿಂದ ಲೇಸರನ್ನೂ ಮಾಡಿ ತೋರಿಸಿದರು. ನೀಲಿ ಎಲ್‌ಇಡಿಗಾಗಿ 2014ರಲ್ಲಿ ಇಸಾಮು ಅಕಸಾಕಿ, ಹಿರೋಶಿ ಅಮಾನೊ ಅವರ ಜತೆ ನಕಮುರಾ ಅವರಿಗೂ ನೊಬೆಲ್ ಬಂತು. ತಟ್ಟೆಗಳಲ್ಲಿ ಬಳಸುವ 405 ನ್ಯಾನೋಮೀಟರ್ ಬೆಳಕನ್ನು ಎಲ್ಲರೂ ನೀಲಿ ಎನ್ನುತ್ತಾರೆ, ಕಣ್ಣಿಗೆ ಅದು ನೇರಳೆ ಹಣ್ಣಿನ ಬಣ್ಣ. ಬ್ಲೂ-ರೇ, ಎಚ್‌ಡಿ ಡಿವಿಡಿ ಎರಡರ ಬೆಳಕೂ ಇದೇ. ಹಾಗಾದರೆ 15 ಮತ್ತು 25ರ ನಡುವಿನ ಅಂತರ ಬಂದದ್ದು ಎಲ್ಲಿಂದ?

ಮಸೂರದಿಂದ. ಡಿವಿಡಿಯ ಎನ್‌ಎ 0.60, ಎಚ್‌ಡಿ ಡಿವಿಡಿಯದು 0.65, ಬ್ಲೂ-ರೇಯದು 0.85. ಈಗ ಪೆನ್ಸಿಲ್ ಎತ್ತಿಕೊಳ್ಳಿ.

ಡಿವಿಡಿಯಿಂದ ಬ್ಲೂ-ರೇಗೆ: 0.85ನ್ನು 0.60ರಿಂದ ಭಾಗಿಸಿದರೆ 1.42. ತರಂಗದೂರಗಳಲ್ಲಿ 650ನ್ನು 405ರಿಂದ ಭಾಗಿಸಿದರೆ 1.60. ಎರಡನ್ನೂ ಗುಣಿಸಿದರೆ 2.27. ಬೆಳಕಿನ ಮೊನೆ ಇಷ್ಟು ಪಟ್ಟು ಸಣ್ಣದಾಗಿದೆ. ಉದ್ದ, ಅಗಲ ಎರಡರಲ್ಲೂ ಉಳಿತಾಯವಾಗುವುದರಿಂದ ವರ್ಗ ಮಾಡಬೇಕು: 5.17. ಡಿವಿಡಿಯ 4.7 ಜಿಬಿಯನ್ನು ಇದರಿಂದ ಗುಣಿಸಿ: 24.3.

ಎಚ್‌ಡಿ ಡಿವಿಡಿಗೆ ಅದೇ ಲೆಕ್ಕ: 1.08 ಗುಣಿಸು 1.60, ಸುಮಾರು 1.74. ವರ್ಗ 3.02. 4.7ರಿಂದ ಗುಣಿಸಿದರೆ 14.2.

ಡಬ್ಬಿಯ ಮೇಲಿದ್ದದ್ದು 25 ಮತ್ತು 15. ಶೂ ಡಬ್ಬದ ಮುಚ್ಚಳದ ಹಿಂದೆ ಗೀಚಿದ ಲೆಕ್ಕ ಎರಡಕ್ಕೂ ಇಷ್ಟು ಹತ್ತಿರ ಬಂದದ್ದನ್ನು ಕಂಡು ನಾನು ಮತ್ತೊಮ್ಮೆ ಗುಣಿಸಿ ನೋಡಿದ್ದೆ. ಇದೇ ಸೂತ್ರವನ್ನು ಸಿಡಿಯಿಂದ ಡಿವಿಡಿಗೆ ಹಾಕಿದರೆ ಬರೀ 1.7 ಜಿಬಿ ಬರುತ್ತದೆ, ನಿಜವಾದದ್ದು 4.7. ಅಲ್ಲಿ ದತ್ತಾಂಶವನ್ನು ಬರೆಯುವ, ತಪ್ಪು ತಿದ್ದುವ ಕ್ರಮವನ್ನೇ ಬಿಗಿ ಮಾಡಿದ್ದರು. ದ್ಯುತಿವಿಜ್ಞಾನದ ಜತೆ ಗಣಿತವೂ ದುಡಿದಿತ್ತು.

ಒಂದು ಪ್ರಶ್ನೆ ಉಳಿಯಿತು. 0.85ರ ಮಸೂರ ಅಷ್ಟು ಒಳ್ಳೆಯದಾದರೆ ತೋಷಿಬಾ ಏಕೆ 0.65ಕ್ಕೇ ನಿಂತಿತು? ಇಡೀ ಪೈಪೋಟಿಯ ತಿರುಳು ಇದೇ ಎಂಬುದು ನನ್ನ ನಂಬಿಕೆ. ಎನ್‌ಎ ಹೆಚ್ಚಾದಂತೆ ತಟ್ಟೆ ಕೂದಲೆಳೆಯಷ್ಟು ಓರೆಯಾದರೂ ಮೊನೆ ಕದಡುತ್ತದೆ. ಬೆಳಕು ಹಾಯಬೇಕಾದ ಪ್ಲಾಸ್ಟಿಕ್ ದಪ್ಪವಾಗಿದ್ದರಂತೂ ಇನ್ನಷ್ಟು. ಹಾಗಾಗಿ ಬ್ಲೂ-ರೇ ತಂಡ ದತ್ತಾಂಶವನ್ನು ಮೇಲ್ಮೈಯಿಂದ ಕೇವಲ 0.1 ಮಿ.ಮೀ. ಆಳಕ್ಕೆ ತಂದಿತು. ಗೀರು ಬಿದ್ದರೆ ನೇರ ದತ್ತಾಂಶಕ್ಕೇ ಪೆಟ್ಟು. 2003ರ ಏಪ್ರಿಲ್‌ನಲ್ಲಿ ಜಪಾನಿನಲ್ಲಿ ಸೋನಿ ಮಾರಾಟಕ್ಕಿಟ್ಟ ಮೊದಲ ರೆಕಾರ್ಡರ್‌ನ ತಟ್ಟೆಗಳು ಪ್ಲಾಸ್ಟಿಕ್ ಕವಚದೊಳಗೆ ಕೂತಿದ್ದುದು ಈ ಭಯದಿಂದ. ಟಿಡಿಕೆ ಗಟ್ಟಿ ಲೇಪವೊಂದನ್ನು ಕಂಡುಹಿಡಿದ ಮೇಲೆಯೇ ತಟ್ಟೆ ಕವಚದಿಂದ ಹೊರಬಂತು. ತೋಷಿಬಾ ಮತ್ತು ಎನ್‌ಇಸಿ ಡಿವಿಡಿಯ 0.6 ಮಿ.ಮೀ. ಆಳವನ್ನೇ ಉಳಿಸಿಕೊಂಡವು. ಇದ್ದ ಡಿವಿಡಿ ಕಾರ್ಖಾನೆಗಳನ್ನೇ ಅಲ್ಪಸ್ವಲ್ಪ ಬದಲಿಸಿ ಬಳಸಬಹುದಿತ್ತು, ಖರ್ಚು ಕಡಿಮೆ. ಅದು ಹೇಡಿತನದ ಆಯ್ಕೆಯಾಗಿರಲಿಲ್ಲ, ಕಾರ್ಖಾನೆ ಬಲ್ಲವರ ಆಯ್ಕೆಯಾಗಿತ್ತು. ಅರ್ಧ ಮಿಲಿಮೀಟರ್ ಪ್ಲಾಸ್ಟಿಕ್‌ಗೆ ಅವರು ತೆತ್ತ ಬೆಲೆ ಪದರಕ್ಕೆ 10 ಜಿಬಿ. 2005ರಲ್ಲಿ ಎರಡೂ ಬಣಗಳು ಒಂದೇ ಮಾದರಿಗಾಗಿ ಮಾತುಕತೆಗೆ ಕೂತವು, ಅದು ಮುರಿದುಬಿತ್ತು.

ಮೂರನೆಯ ಹೆಜ್ಜೆ: ಪದರ ಎಣಿಸಿ

ಉಳಿದ ಸಂಖ್ಯೆಗಳೆಲ್ಲ ಮಹಡಿ ಕಟ್ಟಿದ ಲೆಕ್ಕ. ತೋಷಿಬಾದ 45 ಎಂದರೆ 15 ಜಿಬಿಯ ಮೂರು ಪದರ. ಟಿಡಿಕೆಯ 100 ಎಂದರೆ 25ರ ನಾಲ್ಕು. ಪಯೋನಿಯರ್ 2008ರಲ್ಲಿ ಹೇಳಿದ 400 ಎಂದರೆ 25ರ ಹದಿನಾರು. ತೋಷಿಬಾ 2007ರ ಆರಂಭದಲ್ಲಿ ಹೇಳಿದ 51 ಗಮನ ಸೆಳೆಯುತ್ತದೆ: ಪದರಕ್ಕೆ 17ರಂತೆ ಮೂರು, ಬ್ಲೂ-ರೇಯ 50ಕ್ಕಿಂತ ಸರಿಯಾಗಿ ಒಂದು ಹೆಚ್ಚು.

ಟಿಡಿಕೆ 2006ರಲ್ಲಿ ಹೇಳಿದ 200 ಮಾತ್ರ 25ರ ಮಗ್ಗಿಯಲ್ಲಿ ಕೂರುವುದಿಲ್ಲ. ಪದರ ಆರು, ಪದರಕ್ಕೆ ಸುಮಾರು 33. ಬೆಳಕು ಅದೇ, ಮಸೂರ ಅದೇ. ಹಾಗಿದ್ದರೂ 33 ಹೇಗೆ? ಸಾಲಿನೊಳಗೆ ಕಾಳುಗಳನ್ನು ಒತ್ತಾಗಿ ಬಿತ್ತಿ. 25 ಜಿಬಿ ಬ್ಲೂ-ರೇಯಲ್ಲಿ ಅತಿ ಚಿಕ್ಕ ಗುರುತಿನ ಉದ್ದ 0.149 ಮೈಕ್ರಾನ್. 2010ರಲ್ಲಿ ನಿಯಮವಾಗಿ ಬಂದ, ಬಿಡಿಎಕ್ಸ್‌ಎಲ್ ಎಂಬ ಹೆಚ್ಚು ಸಾಮರ್ಥ್ಯದ ಬ್ಲೂ-ರೇ ಮಾದರಿಯ 100 ಜಿಬಿ ತಟ್ಟೆಯಲ್ಲಿ ಅದು 0.112. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ 25ರಿಂದ ಗುಣಿಸಿ: 33.3. ಮೂರು ಪದರಕ್ಕೆ 100. ಇಷ್ಟು ಚಿಕ್ಕ ಗುರುತುಗಳು ಓದುವ ಬೆಳಕಿಗೆ ಒಂದರೊಳಗೊಂದು ಕಲೆಸಿದಂತೆ ಕಾಣುತ್ತವೆ. ಕಲೆಸಿದ ಸಂಕೇತದಿಂದ ಮೂಲವನ್ನು ಊಹಿಸಿ ತೆಗೆಯುವ ಹೊಸ ಚಿಪ್ ಬೇಕು. ಹಳೆಯ ಪ್ಲೇಯರ್ ಬಿಡಿಎಕ್ಸ್‌ಎಲ್ ಓದದಿರುವುದು ಈ ಕಾರಣಕ್ಕೆ.

ಆದ್ದರಿಂದ ಯಾವುದೇ ಹೊಸ ಸಾಮರ್ಥ್ಯದ ಸುದ್ದಿ ಓದಿದಾಗ ಮೂರು ವಿಷಯ ಹುಡುಕಿ: ಪದರ ಎಷ್ಟು, ಪದರಕ್ಕೆ ಎಷ್ಟು, ಜನರ ಮನೆಯಲ್ಲಿ ಈಗಾಗಲೇ ಇರುವ ಯಂತ್ರ ಅದನ್ನು ಓದುತ್ತದೆಯೇ. 51 ಜಿಬಿ ತಟ್ಟೆಯಲ್ಲಿ ಒಂದು ಸಿನಿಮಾವೂ ಹೊರಬರಲಿಲ್ಲ. 2008ರ ಜನವರಿ 4ರಂದು ವಾರ್ನರ್ ಸ್ಟುಡಿಯೊ ಬ್ಲೂ-ರೇ ಕಡೆಗೆ ವಾಲಿತು, ಫೆಬ್ರುವರಿ 19ರಂದು ತೋಷಿಬಾ ಎಚ್‌ಡಿ ಡಿವಿಡಿಯನ್ನು ಕೈಬಿಟ್ಟಿತು.

ನಾಲ್ಕನೆಯ ಹೆಜ್ಜೆ: ಜಿಬಿಯನ್ನು ನಿಮಿಷಕ್ಕೆ ಇಳಿಸಿ

ಜಿಬಿಯನ್ನು 8000ದಿಂದ ಗುಣಿಸಿ, ವಿಡಿಯೊದ ಮೆಗಾಬಿಟ್ ವೇಗದಿಂದ ಭಾಗಿಸಿದರೆ ಸೆಕೆಂಡುಗಳು ಸಿಗುತ್ತವೆ. ಜಪಾನಿನ ಉಪಗ್ರಹ ಎಚ್‌ಡಿ ಪ್ರಸಾರದ ವೇಗ ಸೆಕೆಂಡಿಗೆ 24 ಮೆಗಾಬಿಟ್. ಆ ವೇಗದಲ್ಲಿ 25 ಜಿಬಿ ಎಂದರೆ 2 ಗಂಟೆ 19 ನಿಮಿಷ, ಒಂದು ಇಡೀ ಸಿನಿಮಾ. 15 ಜಿಬಿ ಎಂದರೆ 1 ಗಂಟೆ 23 ನಿಮಿಷ. 2002ರ ಫೆಬ್ರುವರಿಯಲ್ಲಿ ಒಂಬತ್ತು ಕಂಪನಿಗಳು ಸೇರಿ ಬ್ಲೂ-ರೇ ಘೋಷಿಸಿದಾಗ ಒಂದೇ ಪದರದಲ್ಲಿ ಎರಡು ಗಂಟೆಗೂ ಹೆಚ್ಚು ಎಚ್‌ಡಿ ಎಂದು ಒತ್ತಿ ಹೇಳಿದ್ದು ಇದನ್ನೇ. ಮುಂದೆ ಎಚ್.264, ವಿಸಿ-1 ಎಂಬ ಸಂಕೋಚನ ಕ್ರಮಗಳು ಬಂದು ಬೇಕಾದ ವೇಗವನ್ನು ಅರ್ಧದಷ್ಟಕ್ಕೆ ತಂದವು. ಹಾಗಾದ ಮೇಲೆ 30 ಜಿಬಿ ಧಾರಾಳ ಸಾಕು ಎಂದು ಎಚ್‌ಡಿ ಡಿವಿಡಿ ಬಣ ವಾದಿಸಿತು. ಆ ವಾದದಲ್ಲಿ ಹುರುಳಿತ್ತು.

ಕೊಳ್ಳುವಾಗ

ಕುಟುಂಬದ ಫೋಟೊ, ವಿಡಿಯೊ ತುಂಬಿಡಲು ಖಾಲಿ ಬ್ಲೂ-ರೇ ಹುಡುಕುವವರು ಇಂದಿಗೂ ಇದ್ದಾರೆ. 2025ರ ಫೆಬ್ರುವರಿಯಲ್ಲಿ ಸೋನಿ ಬರೆಯಬಲ್ಲ ಬ್ಲೂ-ರೇ ತಟ್ಟೆಗಳ ತಯಾರಿಕೆ ನಿಲ್ಲಿಸಿತು, ಬೇರೆ ತಯಾರಕರ ತಟ್ಟೆಗಳು ಸಿಗುತ್ತವೆ. 25 ಜಿಬಿಯ ತಟ್ಟೆ ಹಾಕಿದಾಗ ವಿಂಡೋಸ್ 23.3 ಎಂದು ತೋರಿಸಿದರೆ ಗಾಬರಿ ಬೇಡ. ತಯಾರಕರ ಜಿಬಿ ಸರಿಯಾಗಿ ನೂರು ಕೋಟಿ ಬೈಟ್, ವಿಂಡೋಸ್‌ನದು ಸುಮಾರು 107 ಕೋಟಿ. 100 ಜಿಬಿಯ ತಟ್ಟೆ ಕೊಳ್ಳುವ ಮುನ್ನ ನಿಮ್ಮ ಡ್ರೈವ್‌ನ ಮುಂಭಾಗ ನೋಡಿ. ಬಿಡಿಎಕ್ಸ್‌ಎಲ್ ಗುರುತು ಇಲ್ಲದಿದ್ದರೆ 50 ಜಿಬಿಯದ್ದನ್ನೇ ತೆಗೆದುಕೊಳ್ಳಿ.