ಅಂಗಡಿಗೆ ಊರಿನದೇ ನಂಬರ್ ಇರಲಿ

ಶಿರಸಿಯಲ್ಲಿ ನನ್ನದು ಪಂಪ್‌ಸೆಟ್ ಮೋಟಾರ್ ರಿವೈಂಡಿಂಗ್ ಅಂಗಡಿ. ಹಲವು ವರ್ಷ ಗಿರಾಕಿಗಳ ಕರೆಗಳೆಲ್ಲ ಒಂದೇ ಮೊಬೈಲಿಗೆ ಬರುತ್ತಿದ್ದವು. ಸಿಮ್ ಇದ್ದದ್ದು ನಮ್ಮಲ್ಲಿ ಕೆಲಸಕ್ಕಿದ್ದ ಹುಡುಗನ ಹೆಸರಿನಲ್ಲಿ. ಅವನು ಕೆಲಸ ಬಿಟ್ಟ, ನಂಬರೂ ಅವನೊಂದಿಗೆ ಹೋಯಿತು. ಬೋರ್ಡು, ಬಿಲ್ ಪುಸ್ತಕ, ರಿಪೇರಿಯಾದ ಮೋಟಾರಿಗೆ ಅಂಟಿಸಿದ ಚೀಟಿ, ಎಲ್ಲ ಕಡೆಯೂ ಅದೇ ಸಂಖ್ಯೆ. ತೋಟದಲ್ಲಿ ಮೋಟಾರ್ ಸುಟ್ಟವರು ಯಾರಿಗೋ ಫೋನ್ ಮಾಡುತ್ತಿದ್ದರು.

ಆಮೇಲೆ ಸ್ಥಿರ ದೂರವಾಣಿ ಹಾಕಿಸಿದೆ. 08384 ಎಂಬ ಐದು ಅಂಕಿ ಕಂಡರೆ ಸಾಕು, ಹಳ್ಳಿಯ ಹಿರಿಯರು ‘ಶಿರಸಿಯಿಂದ ಯಾರೋ’ ಎಂದು ಎತ್ತುತ್ತಾರೆ. ಗುರುತಿಲ್ಲದ ಮೊಬೈಲ್ ಸಂಖ್ಯೆಯನ್ನು ಅವರು ಎತ್ತುವುದೇ ಇಲ್ಲ. ವಂಚನೆಯ ಕರೆಗಳ ಕಾಲವಿದು, ಅವರದು ತಪ್ಪಲ್ಲ. ಮೋಟಾರ್ ತಯಾರಾಗಿದೆ ಎಂದು ತಿಳಿಸಲು ಈಗ ನಾಲ್ಕು ಸಲ ಪ್ರಯತ್ನಿಸಬೇಕಿಲ್ಲ.

ನೀವೂ ಮಾಡಿಸುವುದಾದರೆ, ಸಂಪರ್ಕವನ್ನು ಅಂಗಡಿಯ ಅಥವಾ ನಿಮ್ಮ ಹೆಸರಿನಲ್ಲೇ ಪಡೆಯಿರಿ. ಇದರಲ್ಲಿ ಮಾತ್ರ ಉದಾಸೀನ ಬೇಡ. ಬಿಎಸ್‌ಎನ್‌ಎಲ್ ಫೈಬರ್ ಇಂಟರ್‌ನೆಟ್ ಹಾಕಿಸಿದರೆ ಅದರ ಜೊತೆಗೇ ದೂರವಾಣಿ ಸಂಖ್ಯೆಯೂ ಸಿಗುತ್ತದೆ. ಮೋಡೆಮ್‌ಗೆ ಸಾಮಾನ್ಯ ಫೋನ್ ಸೆಟ್ ಜೋಡಿಸಿದರಾಯಿತು. ಅಂಗಡಿ ಬದಲಿಸುವ ಯೋಚನೆಯಿದ್ದರೆ, ಹೊಸ ಜಾಗದಲ್ಲೂ ಅದೇ ಸಂಖ್ಯೆ ಉಳಿಯುವುದೇ ಎಂದು ಮೊದಲೇ ವಿಚಾರಿಸಿ.

ಮಲೆನಾಡಿನವರು ಗಮನಿಸಬೇಕಾದದ್ದು ಕರೆಂಟು. ಹಳೆಯ ತಾಮ್ರದ ತಂತಿಯ ಫೋನಿಗೆ ವಿದ್ಯುತ್ ಎಕ್ಸ್‌ಚೇಂಜ್‌ನಿಂದಲೇ ಬರುತ್ತಿತ್ತು, ಮನೆಯಲ್ಲಿ ಕತ್ತಲಿದ್ದರೂ ಅದು ರಿಂಗಣಿಸುತ್ತಿತ್ತು. ಫೈಬರ್ ಹಾಗಲ್ಲ. ಮೋಡೆಮ್ ಆರಿದರೆ ಫೋನೂ ಸತ್ತಂತೆ. ನಮ್ಮ ಮಳೆಗಾಲದಲ್ಲಿ ಇನ್ವರ್ಟರ್‌ಗೋ ಸಣ್ಣ ಯುಪಿಎಸ್‌ಗೋ ಮೋಡೆಮ್ ಜೋಡಿಸದೆ ಈ ಕೆಲಸಕ್ಕೆ ಇಳಿಯಬೇಡಿ. ತೋಟಕ್ಕೆ ಹೋಗಿ ಕೆಲಸ ಮಾಡುವವರಾದರೆ ಕರೆಗಳನ್ನು ಮೊಬೈಲಿಗೆ ವರ್ಗಾಯಿಸುವ ಸೌಲಭ್ಯವನ್ನೂ ಕೇಳಿ ಪಡೆಯಿರಿ.

ವಾಟ್ಸ್‌ಆ್ಯಪ್ ಬಿಸಿನೆಸ್ ಖಾತೆಯನ್ನೂ ಇದೇ ಸಂಖ್ಯೆಯಲ್ಲಿ ತೆರೆಯಬಹುದು. ಮೊದಲ ಸೊನ್ನೆ ಬಿಟ್ಟು, 91ರ ನಂತರ 8384 ಮತ್ತು ಉಳಿದ ಆರು ಅಂಕಿ ಹಾಕಿ. ಸ್ಥಿರ ದೂರವಾಣಿಗೆ ಗುಪ್ತಸಂಖ್ಯೆಯ (ಒಟಿಪಿ) ಸಂದೇಶ ಬರುವುದಿಲ್ಲ, ಕರೆಯ ಮೂಲಕ ಅದನ್ನು ಪಡೆಯುವ ಆಯ್ಕೆ ಒತ್ತಿ, ಫೋನಿನ ಪಕ್ಕದಲ್ಲೇ ಕುಳಿತಿರಿ. ಆಮೇಲೆ ಮೋಟಾರಿನ ನಾಮಫಲಕದ ಫೋಟೊ ಗಿರಾಕಿಯಿಂದ ಅಲ್ಲಿಗೇ ತರಿಸಿಕೊಳ್ಳಬಹುದು.

ಬೋರ್ಡಿನಲ್ಲಿ ಕೋಡ್ ಸಹಿತ ಪೂರ್ತಿ ಸಂಖ್ಯೆ ಬರೆಸಿ. ಬರೀ ಆರಂಕಿ ಬರೆದರೆ ಮೊಬೈಲಿನಿಂದ ಕರೆ ಹೋಗದು. ಕೆಲಸದವರಿಗೂ ಒಂದು ಮಾತು ಹೇಳಿಕೊಡಿ: 2021ರ ಜನವರಿ 15ರಿಂದ ಸ್ಥಿರ ದೂರವಾಣಿಯಿಂದ ಮೊಬೈಲಿಗೆ ಕರೆ ಮಾಡುವಾಗ ಮುಂದೆ ಸೊನ್ನೆ ಒತ್ತಲೇಬೇಕು.

ಪೇಂಟರನ್ನು ಕರೆಸುವ ಮೊದಲು ಬೇರೆ ಊರಿನ ನೆಂಟರಿಂದ ಒಮ್ಮೆ ಕರೆ ಮಾಡಿಸಿ. ಆಮೇಲೆ ಮೇನ್ ಸ್ವಿಚ್ ಆರಿಸಿ, ಇನ್ನೊಮ್ಮೆ ಮಾಡಿಸಿ.