ಕ್ಯಾಲಿಫೋರ್ನಿಯಾಕ್ಕೆ ಹೊಸದಾಗಿ ಬಂದವರಿಗೆ: ವಿಲ್, ಟ್ರಸ್ಟ್ ಮತ್ತು ಊರಿನ ಆಸ್ತಿ

ಬೇ ಏರಿಯಾಗೆ ಬಂದ ಹೊಸದರಲ್ಲಿ ಬಾಡಿಗೆ ಮನೆ, ಡ್ರೈವಿಂಗ್ ಲೈಸೆನ್ಸು, ಮಕ್ಕಳ ಸ್ಕೂಲು ಅಂತ ಕೈತುಂಬ ಕೆಲಸ. ಅದರ ನಡುವೆ "ವಿಲ್ ಬರೆಸಿದ್ರಾ?" ಅಂತ ಕೇಳಿದರೆ "ಬಿಡ್ತು ಅನ್ನಿ" ಅನ್ನುವವರೇ ಜಾಸ್ತಿ. ಆದರೂ ಕೇಳುತ್ತೇನೆ. ಆಸ್ತಿ ಏನೂ ಇಲ್ಲದಿದ್ದರೂ ಮಗು ಇದೆ ಅಂದರೆ ವಿಲ್ ಬೇಕೇ ಬೇಕು.

ಅಪ್ಪ ಅಮ್ಮ ಇಬ್ಬರಿಗೂ ಏನಾದರೂ ಆದರೆ ಮಗುವಿನ ಜವಾಬ್ದಾರಿ ಯಾರಿಗೆ ಅಂತ ಇಲ್ಲಿ ಕೋರ್ಟು ತೀರ್ಮಾನಿಸುತ್ತದೆ. ನೀವು ವಿಲ್‌ನಲ್ಲಿ ಗಾರ್ಡಿಯನ್ ಹೆಸರು ಬರೆದಿದ್ದರೆ ಆ ಮಾತಿಗೆ ಕೋರ್ಟು ಬೆಲೆ ಕೊಡುತ್ತದೆ. ಮೈಸೂರಿನಲ್ಲಿರುವ ಅಕ್ಕನ ಹೆಸರನ್ನೂ ಬರೆಯಬಹುದು. ಆದರೆ ಅಕ್ಕನಿಗೆ ವೀಸಾ ಸಿಕ್ಕಿ ಇಲ್ಲಿಗೆ ಬರುವ ತನಕ ಮಗು ಯಾರ ಮನೆಯಲ್ಲಿರಬೇಕು? ಹತ್ತಿರದ ಸ್ನೇಹಿತರನ್ನು ಕೂರಿಸಿ ಮಾತಾಡಿ, ಅವರು ಒಪ್ಪಿದರೆ ತಾತ್ಕಾಲಿಕ ಗಾರ್ಡಿಯನ್ ಅಂತ ಅವರ ಹೆಸರು ಹಾಕಿ. ಕೇಳದೆ ಹಾಕಬೇಡಿ. ಟೈಪ್ ಮಾಡಿದ ವಿಲ್‌ಗೆ ನಿಮ್ಮ ಸಹಿ ಮತ್ತು ಇಬ್ಬರು ಸಾಕ್ಷಿಗಳ ಸಹಿ ಸಾಕು, ನೋಟರಿ ಬೇಕಿಲ್ಲ. ವಿಲ್‌ನಿಂದ ಏನಾದರೂ ಸಿಗುವವರನ್ನು ಮಾತ್ರ ಸಾಕ್ಷಿಗೆ ಕರೆಯಬೇಡಿ.

ಇನ್ನೊಂದು ಕೆಲಸ ಇವತ್ತೇ ಆಗುತ್ತದೆ, ದುಡ್ಡೂ ಬೇಡ. ಕಂಪನಿಯ ಲೈಫ್ ಇನ್ಶೂರೆನ್ಸ್, ನಿವೃತ್ತಿಗೆ ಉಳಿಸುವ 401(ಕೆ), ಐಆರ್‌ಎ ಖಾತೆಗಳ ಪುಟಗಳನ್ನು ತೆರೆದು ಬೆನಿಫಿಷಿಯರಿ (ನಿಮ್ಮ ನಂತರ ದುಡ್ಡು ಪಡೆಯುವವರು) ಅಂತ ಯಾರ ಹೆಸರಿದೆ ನೋಡಿ. ವಿಲ್‌ನಲ್ಲಿ ಏನೇ ಬರೆದಿರಲಿ, ಆ ದುಡ್ಡು ಸಾಮಾನ್ಯವಾಗಿ ಹೋಗುವುದು ಅಲ್ಲಿರುವ ಹೆಸರಿಗೆ. ನನಗೆ ಗೊತ್ತಿರುವ ಒಂದು ಮನೆಯಲ್ಲಿ, ಮದುವೆಗೆ ಮುಂಚೆ ಹಾಕಿದ ತಾಯಿಯ ಹೆಸರೇ ಇನ್ಶೂರೆನ್ಸ್‌ನಲ್ಲಿ ಉಳಿದಿತ್ತು. ಮಗ ತೀರಿಕೊಂಡ ಮೇಲೆ ಸೊಸೆಗೆ ಕೊಟ್ಟುಬಿಡಲು ಆ ತಾಯಿ ತಯಾರಿದ್ದರು. ಆದರೂ ದಾವಣಗೆರೆಯಿಂದ ಗುರುತಿನ ಕಾಗದ, ನೋಟರಿ, ಬ್ಯಾಂಕು ಅಂತ ತಿಂಗಳುಗಟ್ಟಲೆ ಎಳೆಯಿತು. ಆ ತಿಂಗಳುಗಳಲ್ಲೂ ಮನೆಯ ಕಂತು ನಿಲ್ಲಲಿಲ್ಲ.

ಊರಿಗೆ ತಿಂಗಳು ತಿಂಗಳು ದುಡ್ಡು ಕಳಿಸುವವರು ಇದನ್ನು ಗಮನಿಸಿ. ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ಮಗನ ಸ್ವಂತ ಆಸ್ತಿಯಲ್ಲಿ ಹೆಂಡತಿ ಮಕ್ಕಳ ಜೊತೆ ತಾಯಿಗೂ ಪಾಲಿದೆ. ಕ್ಯಾಲಿಫೋರ್ನಿಯಾದಲ್ಲಿ ವಿಲ್ ಇಲ್ಲದೆ ಹೋದರೆ, ಮಕ್ಕಳಿದ್ದಾಗ ಅಪ್ಪ ಅಮ್ಮನಿಗೆ ಏನೂ ಇಲ್ಲ. ಅವರಿಗೆ ಏನಾದರೂ ಸೇರಬೇಕು ಅಂದರೆ ನೀವೇ ಬರೆದಿಡಬೇಕು.

ಮನೆ ಕೊಂಡಮೇಲೆ ಲಿವಿಂಗ್ ಟ್ರಸ್ಟ್ ಮಾಡಿಸಿ, ಅಂದರೆ ನೀವಿರುವಾಗಲೇ ಆಸ್ತಿಯನ್ನು ಟ್ರಸ್ಟಿನ ಹೆಸರಿಗೆ ಹಾಕಿ ನಿಮ್ಮ ನಂತರ ಯಾರಿಗೆ ಅಂತ ಬರೆದಿಡುವ ವ್ಯವಸ್ಥೆ. ಕಾರಣ, ಇದರಿಂದ ಪ್ರೊಬೇಟ್, ಅಂದರೆ ತೀರಿಕೊಂಡವರ ಆಸ್ತಿಯನ್ನು ಕೋರ್ಟಿನ ಮೂಲಕ ಹಂಚುವ ಪ್ರಕ್ರಿಯೆ, ತಪ್ಪುತ್ತದೆ. ಬರೀ ವಿಲ್ ಇದ್ದರೆ, ಗಂಡ ಹೆಂಡತಿ ಇಬ್ಬರೂ ಹೋದ ಮೇಲೆ ಮನೆ ಕೋರ್ಟಿನ ಮೂಲಕವೇ ಮಕ್ಕಳಿಗೆ ಬರಬೇಕು. ವರ್ಷ ಹಿಡಿಯುವುದು ಮಾಮೂಲು. ವಕೀಲರ ಫೀಸು ಕಾನೂನಿನಲ್ಲೇ ಇದೆ: ಮೊದಲ 1 ಲಕ್ಷ ಡಾಲರಿಗೆ ಶೇ. 4, ಮುಂದಿನ 1 ಲಕ್ಷಕ್ಕೆ ಶೇ. 3, ಅದರ ಮೇಲಿನ 8 ಲಕ್ಷಕ್ಕೆ ಶೇ. 2, ಆಮೇಲೆ ಶೇ. 1. ಅಂದರೆ 15 ಲಕ್ಷ ಡಾಲರಿನ ಮನೆಗೆ 28,000 ಡಾಲರ್. ಎಕ್ಸಿಕ್ಯೂಟರ್ (ವಿಲ್ ಜಾರಿ ಮಾಡುವವರು) ಕೇಳಿದರೆ ಅವರಿಗೂ ಅಷ್ಟೇ. ಲೆಕ್ಕ ಹಾಕುವುದು ಮನೆಯ ಪೂರ್ತಿ ಬೆಲೆಯ ಮೇಲೆ, ಸಾಲ ಕಳೆದಲ್ಲ. 2025ರ ಏಪ್ರಿಲ್‌ನಿಂದ 7.5 ಲಕ್ಷ ಡಾಲರ್ ತನಕದ ವಾಸದ ಮನೆಗೆ ಸುಲಭದ ದಾರಿ ಬಂದಿದೆ, ಆದರೆ ಸನಿವೇಲ್, ಫ್ರೀಮಾಂಟ್ ಕಡೆ ಆ ಬೆಲೆಗೆ ಮನೆ ಎಲ್ಲಿದೆ?

ಟ್ರಸ್ಟ್ ಮಾಡಿಸಿದ ಮಾತ್ರಕ್ಕೆ ಮುಗಿಯಲಿಲ್ಲ. ದಪ್ಪ ಫೈಲು ಕಪಾಟಿಗೆ ಸೇರಿದೆ, ಮನೆ ಮಾತ್ರ ಇನ್ನೂ ನಿಮ್ಮ ಹೆಸರಲ್ಲೇ ಇದೆ ಅಂದರೆ ಮತ್ತೆ ಪ್ರೊಬೇಟೇ ಗತಿ. ಹೊಸ ಡೀಡ್ (ಮನೆಯ ಹಕ್ಕು ವರ್ಗಾಯಿಸುವ ಪತ್ರ) ಮಾಡಿಸಿ, ನೋಟರಿ ಹಾಕಿಸಿ, ಕೌಂಟಿ ರೆಕಾರ್ಡರ್ ಆಫೀಸಿನಲ್ಲಿ ದಾಖಲು ಮಾಡಿಸಬೇಕು. ನಿಮ್ಮದೇ ಟ್ರಸ್ಟಿಗೆ ವರ್ಗಾಯಿಸಿದರೆ ಪ್ರಾಪರ್ಟಿ ಟ್ಯಾಕ್ಸ್ ಏರುವುದಿಲ್ಲ. ರಿಫೈನಾನ್ಸ್ (ಹಳೇ ಸಾಲದ ಬದಲು ಹೊಸ ಸಾಲ) ಮಾಡುವಾಗ ಕೆಲವು ಬ್ಯಾಂಕಿನವರು ಮನೆಯನ್ನು ಟ್ರಸ್ಟಿನಿಂದ ಹೊರಗೆ ತೆಗೆಸುತ್ತಾರೆ. ಸಾಲ ಆದಮೇಲೆ ವಾಪಸ್ ಹಾಕಿದ್ದಾರಾ ಅಂತ ನೀವೇ ಡೀಡ್ ನೋಡಿ. ಬ್ಯಾಂಕ್ ಮತ್ತು ಷೇರಿನ ಅಕೌಂಟುಗಳನ್ನೂ ಟ್ರಸ್ಟಿನ ಹೆಸರಿಗೆ ಮಾಡಿಸಿ. 401(ಕೆ) ಮಾತ್ರ ಹಾಗೇ ಇರಲಿ, ಅದಕ್ಕೆ ಬೆನಿಫಿಷಿಯರಿ ಸಾಕು.

ಒಂದು ದಿನ ಊರಿಗೆ ವಾಪಸ್ ಹೋಗಿ ನೆಲೆಸುವ ಯೋಚನೆ ಇದೆಯಾ? ಇಲ್ಲೇ ನೆಲೆಸಿದವರಿಗೆ 2026ರಲ್ಲಿ ಎಸ್ಟೇಟ್ ಟ್ಯಾಕ್ಸ್ (ತೀರಿಕೊಂಡವರ ಆಸ್ತಿಯ ಮೇಲಿನ ಕೇಂದ್ರ ತೆರಿಗೆ) ವಿನಾಯಿತಿ 1.5 ಕೋಟಿ ಡಾಲರ್. ಸಿಟಿಜನ್ ಅಲ್ಲದೆ ಭಾರತದಲ್ಲಿ ನೆಲೆಸಿದವರು ಅಮೆರಿಕದ ಕಂಪನಿಗಳ ಷೇರು ಇಟ್ಟುಕೊಂಡು ತೀರಿಕೊಂಡರೆ ವಿನಾಯಿತಿ ಬರೀ 60,000 ಡಾಲರ್. ಅದರ ಮೇಲಿನದಕ್ಕೆ ತೆರಿಗೆ ಶೇ. 40ರ ತನಕ ಹೋಗುತ್ತದೆ. ಕಂಪನಿ ಕೊಟ್ಟ ಷೇರುಗಳನ್ನು ಸುಮ್ನೆ ಹಾಗೇ ಬಿಟ್ಟು ಹೋಗುವ ಮುಂಚೆ ತೆರಿಗೆ ತಿಳಿದವರನ್ನು ಕೇಳಿ.

ಊರಿನ ಸೈಟು, ಅಪಾರ್ಟ್‌ಮೆಂಟುಗಳನ್ನು ಇಲ್ಲಿನ ಟ್ರಸ್ಟಿಗೆ ತುರುಕಬೇಡಿ. ಅವಕ್ಕೆ ಭಾರತದ ಕಾನೂನಿನ ಪ್ರಕಾರ ಬೇರೆ ವಿಲ್ ಬರೆಸಿ. ಅಲ್ಲೂ ಇಬ್ಬರು ಸಾಕ್ಷಿಗಳು ಬೇಕು. ನೋಂದಣಿ ಕಡ್ಡಾಯವಲ್ಲ, ಆದರೂ ರಜಕ್ಕೆ ಹೋದಾಗ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಮಾಡಿಸಿಬಿಟ್ಟರೆ ಮುಂದೆ ಖಾತಾ ಬದಲಾಯಿಸುವವರಿಗೆ ತಕರಾರು ಕಡಿಮೆ. ಒಂದು ಸಾಲಿನ ಮೇಲೆ ಮಾತ್ರ ಕಣ್ಣಿಡಿ. ಇಲ್ಲಿನ ವಕೀಲರ ಸಿದ್ಧ ನಮೂನೆಯಲ್ಲಿ "ಹಿಂದಿನ ಎಲ್ಲಾ ವಿಲ್‌ಗಳನ್ನೂ ರದ್ದು ಮಾಡುತ್ತೇನೆ" ಅಂತ ಇರುತ್ತದೆ. ಅದಕ್ಕೆ ಸಹಿ ಹಾಕಿದರೆ ಊರಲ್ಲಿ ಬರೆಸಿದ್ದೂ ರದ್ದಾಗಬಹುದು. ಈ ವಿಲ್ ಅಮೆರಿಕದ ಆಸ್ತಿಗೆ ಮಾತ್ರ, ಭಾರತದ ವಿಲ್ ಹಾಗೇ ಉಳಿಯುತ್ತದೆ ಅಂತ ಸಹಿಗೆ ಮುಂಚೆಯೇ ಬರೆಸಿಕೊಳ್ಳಿ. ಊರಿನ ವಕೀಲರಿಗೂ ಇದನ್ನೇ ಹೇಳಿ.