ಎದೆನೋವಿನವರಿಗೆ ಇಸಿಜಿ: ಹೃದಯ ವಾರ್ಡಿಗೆ ಹೊಸದಾಗಿ ಬಂದ ನರ್ಸ್‌ಗಳಿಗೆ

ಹೃದಯಾಘಾತವಾದವರೆಲ್ಲ ಎದೆ ಹಿಡಿದುಕೊಂಡೇ ಬರುವುದಿಲ್ಲ. "ಗ್ಯಾಸ್ಟ್ರಿಕ್ ಆಗಿದೆ ಸಿಸ್ಟರ್, ಒಂದು ಇಂಜೆಕ್ಷನ್ ಹಾಕಿಬಿಡಿ" ಎನ್ನುತ್ತಾ ಬರುವವರೂ ಇದ್ದಾರೆ. ಸಕ್ಕರೆ ಕಾಯಿಲೆಯವರಿಗೆ, ವಯಸ್ಸಾದ ಹೆಂಗಸರಿಗೆ ನೋವೇ ಇಲ್ಲದೆ ಬರೀ ಬೆವರು, ಸುಸ್ತು, ಉಬ್ಬಸ ಕಾಣಿಸಬಹುದು. ಹಾಗಾಗಿ ದವಡೆಯಿಂದ ಹೊಕ್ಕುಳದವರೆಗೆ ಎಲ್ಲೇ ಸಂಕಟವೆಂದರೂ ಮೊದಲು ಇಸಿಜಿ, ಚೀಟಿ ಮಾಡಿಸುವುದು ಆಮೇಲೆ. ಬಂದ 10 ನಿಮಿಷದೊಳಗೆ ಇಸಿಜಿ ತೆಗೆದು ವೈದ್ಯರ ಕೈಗೆ ಕೊಟ್ಟಿರಬೇಕು.

ರೋಗಿಯನ್ನು ಅಂಗಾತ ಮಲಗಿಸಿ. ಉಬ್ಬಸದಿಂದ ಮಲಗಲಾರದವರಿಗೆ ತಲೆಯ ಕಡೆ ಮಂಚ ಎತ್ತಿ, ಎಷ್ಟು ಎತ್ತಿದಿರಿ ಎಂಬುದನ್ನು ಇಸಿಜಿ ಕಾಗದದ ಮೇಲೇ ಬರೆಯಿರಿ. ಮುಂದಿನ ಇಸಿಜಿಯನ್ನೂ ಅದೇ ಭಂಗಿಯಲ್ಲಿ ತೆಗೆಯಬೇಕು. ಬೆವರನ್ನು ಒರೆಸದೆ ಬಲ್ಬ್ (ಎದೆಗೆ ಅಂಟಿಸುವ, ರಬ್ಬರ್ ಗುಂಡಿರುವ ಎಲೆಕ್ಟ್ರೋಡ್) ಹಚ್ಚಿದರೆ ಜಾರುತ್ತದೆ. ಕೂದಲು ದಟ್ಟವಾಗಿದ್ದರೆ ಆ ಜಾಗವನ್ನಷ್ಟೇ ಬೋಳಿಸಿ.

ಕೈಕಾಲಿನ ಕ್ಲಾಂಪ್‌ಗಳಲ್ಲಿ ಸಾಮಾನ್ಯವಾಗಿ ಬಲಗೈ ಕೆಂಪು, ಎಡಗೈ ಹಳದಿ, ಎಡಗಾಲು ಹಸಿರು, ಬಲಗಾಲು ಕಪ್ಪು. ಬಲಗೈಯಿಂದ ಶುರುಮಾಡಿ ಸುತ್ತು ಹಾಕಿದರೆ ಟ್ರಾಫಿಕ್ ಸಿಗ್ನಲ್‌ನ ಕ್ರಮವೇ. ಅಮೆರಿಕದ ಪದ್ಧತಿಯ ಯಂತ್ರದಲ್ಲಿ ಕೆಂಪು ಎಡಗಾಲಿಗೆ, ಕಪ್ಪು ಎಡಗೈಗೆ ಹೋಗುತ್ತದೆ. ಆದ್ದರಿಂದ ಬಣ್ಣವನ್ನೇ ನಂಬದೆ ವೈರಿನ ಮೇಲಿನ ಅಕ್ಷರ ಓದಿ.

ಹೆಚ್ಚು ತಪ್ಪಾಗುವುದು ಎದೆಯ ಮೇಲೆ, ವಿ1ರಿಂದ ವಿ6ರವರೆಗಿನ ಆರು ಬಲ್ಬ್ ಹಚ್ಚುವಾಗ. ಕಣ್ಣಂದಾಜು ಬೇಡ, ಬೆರಳಿನಿಂದ ಎಣಿಸಿ. ಗಂಟಲ ಕೆಳಗಿನ ಗುಳಿಯಿಂದ ಎದೆಮೂಳೆಯ ಮೇಲೆ ಬೆರಳು ಇಳಿಸುತ್ತಾ ಬಂದರೆ ಒಂದು ಅಡ್ಡ ಉಬ್ಬು ಸಿಗುತ್ತದೆ. ಎರಡನೇ ಪಕ್ಕೆಲುಬು ಸೇರುವುದು ಅಲ್ಲೇ, ಅದರ ಕೆಳಗಿನದು ಎರಡನೇ ಸಂದು (ಎರಡು ಪಕ್ಕೆಲುಬುಗಳ ನಡುವಿನ ಜಾಗ). ಇನ್ನೆರಡು ಸಂದು ಇಳಿದರೆ ನಾಲ್ಕನೆಯದು: ಎದೆಮೂಳೆಯ ಬಲ ಅಂಚಿಗೆ ವಿ1, ಎಡ ಅಂಚಿಗೆ ವಿ2. ನಂತರ ವಿ3 ಬಿಟ್ಟು ಮೊದಲು ವಿ4 ಹಚ್ಚಿ: ಐದನೇ ಸಂದು, ಎಡ ಕಾಲರ್ ಎಲುಬಿನ ಮಧ್ಯದಿಂದ ನೇರ ಕೆಳಗೆ. ವಿ2 ಮತ್ತು ವಿ4ರ ನಡುವೆ ವಿ3. ವಿ4ರ ಮಟ್ಟದಲ್ಲೇ ಅಡ್ಡಕ್ಕೆ ಹೋಗಿ ಕಂಕುಳಿನ ಮುಂದಿನ ಮಡಿಕೆಯ ನೇರಕ್ಕೆ ವಿ5, ಕಂಕುಳಿನ ನಡುವಿನ ನೇರಕ್ಕೆ ವಿ6. ಇಲ್ಲಿ ಪಕ್ಕೆಲುಬಿನ ಬಾಗನ್ನು ಹಿಂಬಾಲಿಸಬೇಡಿ, ಬಲ್ಬ್ ಮೇಲಕ್ಕೆ ಹೋಗಿಬಿಡುತ್ತದೆ. ಹೆಂಗಸರಿಗೆ ಸ್ತನವನ್ನು ಮೆಲ್ಲಗೆ ಎತ್ತಿ ಅದರ ಕೆಳಗೆ ಹಚ್ಚಿ. ಪರದೆ ಎಳೆದು, ಏನು ಮಾಡುತ್ತೀರೆಂದು ಮೊದಲೇ ಹೇಳಿದರೆ ಇದರಲ್ಲಿ ಮುಜುಗರವೇನೂ ಇಲ್ಲ.

ವಿ1, ವಿ2 ಎರಡನೇ ಸಂದಿಗೆ ಹತ್ತಿದರೆ ಇಲ್ಲದ ಹಳೆಯ ಹೃದಯಾಘಾತ ಕಾಗದದ ಮೇಲೆ ಹುಟ್ಟಿಕೊಳ್ಳಬಹುದು. ಜೆಲ್ ಒಂದು ಜಾಗದಿಂದ ಇನ್ನೊಂದಕ್ಕೆ ಹರಡಿ ಕೂಡಿಕೊಂಡರೆ ಪಕ್ಕಪಕ್ಕದ ಲೀಡ್‌ಗಳೆಲ್ಲ (ಹೃದಯವನ್ನು ಒಂದೊಂದು ದಿಕ್ಕಿನಿಂದ ತೋರಿಸುವ ಗೆರೆಗಳು) ಒಂದೇ ರೀತಿ ಕಾಣುತ್ತವೆ. ಬಟಾಣಿ ಗಾತ್ರದಷ್ಟು ಜೆಲ್ ಸಾಕು.

ಪ್ರಿಂಟ್ ಒತ್ತುವ ಮೊದಲು ವೇಗ ಸೆಕೆಂಡಿಗೆ 25 ಮಿ.ಮೀ., ಎತ್ತರ ಒಂದು ಮಿಲಿವೋಲ್ಟ್‌ಗೆ 10 ಮಿ.ಮೀ. ಇದೆಯೇ ನೋಡಿ. ಕಾಗದದ ತುದಿಯ ಚೌಕ ಗುರುತು ಎರಡು ದೊಡ್ಡ ಚೌಕದಷ್ಟು ಎತ್ತರ ಇರಬೇಕು. ಅರ್ಧ ಇದ್ದರೆ ಎಸ್‌ಟಿ (ಪ್ರತಿ ಬಡಿತದ ಚೂಪು ಅಲೆಯ ನಂತರದ ಗೆರೆ; ಹೃದಯಾಘಾತದಲ್ಲಿ ಇದು ಮೇಲೇರಬಹುದು) ಏರಿಕೆಯೂ ಅರ್ಧವಾಗಿ ಕಾಣುತ್ತದೆ. ಗೆರೆ ಗರಗಸದಂತೆ ಒರಟಾಗಿದ್ದರೆ ರೋಗಿ ನಡುಗುತ್ತಿರಬಹುದು, ಹೊದಿಸಿ. ಒಂದೇ ಸಮನೆ ದಪ್ಪಗಿದ್ದರೆ ಕರೆಂಟಿನ ಕಾಟ: ಚಾರ್ಜರ್, ಮೊಬೈಲ್ ದೂರವಿಡಿ, ಕ್ಲಾಂಪ್ ಸಡಿಲವಿದೆಯೇ ನೋಡಿ. ಗೆರೆ ಚೆಂದ ಕಾಣಲೆಂದು ಫಿಲ್ಟರ್ ಮೇಲೆ ಫಿಲ್ಟರ್ ಹಾಕಬೇಡಿ, ಎಸ್‌ಟಿ ಭಾಗದ ಆಕಾರವೇ ಬದಲಾಗಬಹುದು.

ಕಾಗದ ಹರಿಯುವ ಮುನ್ನ ಎರಡು ಕಡೆ ಕಣ್ಣು ಹಾಯಿಸಿ. ಕೈಕಾಲಿನ ಕ್ಲಾಂಪ್‌ಗಳಿಂದ ಬರುವ ಲೀಡ್‌ಗಳಲ್ಲಿ ಲೀಡ್ 1 ಪೂರ್ತಿ ತಲೆಕೆಳಗಾಗಿ, ಎವಿಆರ್ (ಬಲಗೈ ಕಡೆಯಿಂದ ನೋಡುವ ಲೀಡ್) ಮೇಲ್ಮುಖವಾಗಿ, ಎದೆಯ ಲೀಡ್‌ಗಳು ಮಾತ್ರ ಸರಿಯಾಗಿದ್ದರೆ ಎರಡು ಕೈಗಳ ವೈರ್ ಅದಲುಬದಲಾಗಿದೆ. ಲೀಡ್ 2 ಹೆಚ್ಚುಕಮ್ಮಿ ಚಪ್ಪಟೆ ಗೆರೆಯಾಗಿದ್ದರೆ ಬಲಗೈ, ಬಲಗಾಲಿನವು ಬದಲಾಗಿವೆ.

ಹೃದಯದ ಕೆಳಭಾಗವನ್ನು ತೋರಿಸುವ ಲೀಡ್ 2, 3, ಎವಿಎಫ್‌ನಲ್ಲಿ ಎಸ್‌ಟಿ ಏರಿದ್ದರೆ ಬಲಗಡೆಯ ಇಸಿಜಿಯನ್ನೂ ತೆಗೆಯಿರಿ. ವಿ4 ಬಲ್ಬನ್ನು ಎದೆಯ ಬಲಭಾಗದ ಅದೇ ಜಾಗಕ್ಕೆ ಹಚ್ಚಿ, ಕಾಗದದ ಮೇಲೆ ಪೆನ್ನಿನಿಂದ "ವಿ4ಆರ್" ಎಂದು ಬರೆಯಿರಿ; ಯಂತ್ರ ವಿ4 ಎಂದೇ ಅಚ್ಚು ಹಾಕಿರುತ್ತದೆ. ಬಲ ಹೃತ್ಕುಕ್ಷಿಗೂ ಪೆಟ್ಟಾಗಿದ್ದರೆ ನಾಲಗೆ ಕೆಳಗಿಡುವ, ರಕ್ತನಾಳ ಹಿಗ್ಗಿಸುವ ಸಾರ್ಬಿಟ್ರೇಟ್‌ನಿಂದ ಬಿಪಿ ಕುಸಿಯಬಹುದು. ಆದ್ದರಿಂದ ಬಿಪಿ ನೋಡದೆ, ವೈದ್ಯರನ್ನು ಕೇಳದೆ ಆ ಮಾತ್ರೆ ಕೊಡಬೇಡಿ.

ತರಬೇತಿಯ ವಿಷಯಕ್ಕೆ ಬಂದರೆ, ಮೂರು ವರ್ಷದ ಜಿಎನ್‌ಎಂ ಅಥವಾ ನಾಲ್ಕು ವರ್ಷದ ಬಿಎಸ್ಸಿ ನರ್ಸಿಂಗ್ ಮುಗಿಸಿ ನೋಂದಣಿಯಾದವರಿಗೆ ಕಾರ್ಡಿಯೋಥೊರಾಸಿಕ್ ನರ್ಸಿಂಗ್‌ನಲ್ಲಿ ಒಂದು ವರ್ಷದ ಪೋಸ್ಟ್ ಬೇಸಿಕ್ ಡಿಪ್ಲೊಮಾ ಇದೆ. ಹೃದಯ ನಿಂತವರನ್ನು ಬದುಕಿಸುವ ತರಬೇತಿಗಳಾದ ಬಿಎಲ್‌ಎಸ್ (ಮೂಲ ಹಂತ), ಎಸಿಎಲ್‌ಎಸ್ (ಮುಂದಿನ ಹಂತ) ಪ್ರಮಾಣಪತ್ರ ಎರಡು ವರ್ಷಕ್ಕೊಮ್ಮೆ ನವೀಕರಿಸಬೇಕು. ಆದರೆ ಸಂದು ಎಣಿಸುವುದು ಪ್ರಮಾಣಪತ್ರದಿಂದ ಬರುವಂಥದ್ದಲ್ಲ. ಬಿಡುವಿದ್ದಾಗ ತೆಳ್ಳಗಿನವರು, ದಪ್ಪಗಿನವರು ಎನ್ನದೆ ಸಹೋದ್ಯೋಗಿಗಳ ಮೇಲೆ ಎಣಿಸಿ ಬೆರಳಿಗೆ ರೂಢಿ ಮಾಡಿಸಿ.

ಮೊದಲ ಇಸಿಜಿ ಸರಿಯಿದ್ದೂ ನೋವು ನಿಲ್ಲದಿದ್ದರೆ 15ರಿಂದ 30 ನಿಮಿಷಕ್ಕೊಮ್ಮೆ ಮತ್ತೆ ತೆಗೆಯಿರಿ. ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಟ್ಟ 60ರಿಂದ 90 ನಿಮಿಷದಲ್ಲಿ ಇನ್ನೊಂದು. ಅತಿ ಹೆಚ್ಚು ಏರಿದ್ದ ಲೀಡ್‌ನಲ್ಲಿ ಎಸ್‌ಟಿ ಅರ್ಧದಷ್ಟಾದರೂ ಇಳಿದಿರದಿದ್ದರೆ ರಕ್ತನಾಳ ತೆರೆದಿಲ್ಲವೆಂದು ಶಂಕಿಸಿ, ಆಂಜಿಯೋಪ್ಲಾಸ್ಟಿ ಇರುವ ಆಸ್ಪತ್ರೆಗೆ ಕಳಿಸುವ ನಿರ್ಧಾರವನ್ನು ವೈದ್ಯರು ಕೂಡಲೇ ತೆಗೆದುಕೊಳ್ಳಬೇಕಾಗುತ್ತದೆ. ಈ ಹೋಲಿಕೆ ನಡೆಯಬೇಕಾದರೆ ಬಲ್ಬ್ ಪ್ರತಿಸಲವೂ ಅದೇ ಜಾಗದಲ್ಲಿರಬೇಕು. ಮೊದಲ ಸಲ ತೆಗೆದಾಗಲೇ ಆರೂ ಜಾಗಕ್ಕೆ ಮಾರ್ಕರ್ ಪೆನ್ನಿನಿಂದ ಚುಕ್ಕೆ ಇಟ್ಟುಬಿಡಿ, ರಾತ್ರಿ ಪಾಳಿಯವರಿಗೂ ಅದೇ ಜಾಗ ಸಿಗುತ್ತದೆ.